ಕಿರಿಯರ ಕೈಗೆ ಊರಿನ ಹೊಣೆ

ಹದಿಮೂರರಿಂದ ಹದಿನಾರರವರೆಗಿನ ವಯಸ್ಸು ಮನುಷ್ಯಜೀವನದಲ್ಲಿ ಒಂದು ಸಂಧಿಕಾಲ. ತಾಯಿಯ ಸೆರಗನ್ನು ಬಿಟ್ಟು ಲೋಕದ ಕಡೆಗೆ ಮುಖಮಾಡಿರುವ, ಆದರೆ ಲೋಕವು ಇನ್ನೂ ತನ್ನ ವ್ಯವಹಾರದೊಳಕ್ಕೆ ಬರಮಾಡಿಕೊಳ್ಳದೆ ಹೊಸ್ತಿಲಲ್ಲಿಯೇ ನಿಲ್ಲಿಸಿರುವ ಈ ಕೆಲವು ವರ್ಷಗಳಲ್ಲಿ, ಬಾಲಕ ಬಾಲಿಕೆಯರ ಮೈಗೆ ಬಲ ಬರುತ್ತದೆ. ನ್ಯಾಯಾನ್ಯಾಯಗಳ ವಿಷಯದಲ್ಲಿ ಮನಸ್ಸು ತೀಕ್ಷ್ಣವಾಗುತ್ತದೆ. ತಮ್ಮಿಂದ ಯಾರಿಗಾದರೂ ಉಪಯೋಗವಾಗಬೇಕೆಂಬ ಹಂಬಲ ಹುಟ್ಟುತ್ತದೆ. ನಮ್ಮ ಪ್ರೌಢಶಾಲೆಗಳು ಈ ಸಂಪತ್ತಿಗೆಲ್ಲ ಒದಗಿಸಿರುವ ಕೆಲಸ ಬಹುಮಟ್ಟಿಗೆ ಒಂದೇ: ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸಿದ್ಧತೆ. ಪರೀಕ್ಷೆ ಬೇಕಾದದ್ದೇ; ಅದನ್ನು ಹಗುರವಾಗಿ ಕಾಣುವುದು ಬಡ ತಂದೆತಾಯಿಗಳ ಆಸೆಯನ್ನೇ ಹಗುರವಾಗಿ ಕಂಡಂತೆ. ಆದರೆ ಆ ವಯಸ್ಸಿನ ಬಲಕ್ಕೂ ನ್ಯಾಯಬುದ್ಧಿಗೂ ಹಂಬಲಕ್ಕೂ ಪ್ರಶ್ನಪತ್ರಿಕೆಯಲ್ಲಿ ಎಡೆಯಿಲ್ಲ. ಅವುಗಳಿಗೆ ಎಡೆಯಿರುವುದು ಶಾಲೆಯ ಗೇಟಿನ ಹೊರಗೆ, ಮಗು ದಿನವೂ ನಡೆದುಬರುವ ಬೀದಿಯಲ್ಲಿ.

ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಕೈಗೊಳ್ಳಬಹುದಾದ ಸ್ವಯಂಸೇವೆಯನ್ನು ಕುರಿತು ವಿಚಾರಮಾಡುವಾಗ ನಾನು ಪ್ರತಿಪಾದಿಸಬಯಸುವ ಮಾತು ಹೆಚ್ಚೇನೂ ಇಲ್ಲ. ಸೇವೆಯು ಶಿಕ್ಷಣವಾಗಬೇಕಾದರೆ ಅದು ಮನೆಗೆ ಹತ್ತಿರದ್ದಾಗಿರಬೇಕು, ವಾರವಾರವೂ ತಪ್ಪದೆ ನಡೆಯತಕ್ಕದ್ದಾಗಿರಬೇಕು, ಮತ್ತು ಅದನ್ನು ಮಾಡಿದ ಮಕ್ಕಳು ತಾವು ಕಂಡದ್ದನ್ನು ಹೇಳಿದಾಗ ಊರಿನ ಹಿರಿಯರು ಕಿವಿಗೊಡತಕ್ಕವರಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸೇವೆ ಹೋಗಿ ಸಮಾರಂಭ ಉಳಿಯುತ್ತದೆ.

ಹಿಂದಿನವರು ಹಾಕಿದ ಹಾದಿ

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಭಾರತದ ಮೊಟ್ಟಮೊದಲ ಸ್ಕೌಟು ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿಯೇ ಪ್ರಾರಂಭವಾಯಿತು. ಆಗ ಅದರ ಬಾಗಿಲು ಭಾರತೀಯ ಬಾಲಕರಿಗೆ ತೆರೆದಿರಲಿಲ್ಲ. ಆ ಬಾಗಿಲನ್ನು ತೆರೆಸುವುದಕ್ಕೆ ಆನಿ ಬೆಸೆಂಟ್ ಮೊದಲಾದವರು ಪಟ್ಟ ಶ್ರಮದ ಫಲವಾಗಿ ಬೇರೆಬೇರೆ ಸಂಘಗಳು ಹುಟ್ಟಿ, ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಅವುಗಳಲ್ಲಿ ಮುಖ್ಯವಾದವು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಗಿ ಕೂಡಿಕೊಂಡವು. ದಿನಕ್ಕೊಂದಾದರೂ ಸತ್ಕಾರ್ಯವನ್ನು ಮಾಡಬೇಕೆಂಬ ಸ್ಕೌಟು ನಿಯಮ ಮೇಲುನೋಟಕ್ಕೆ ಬಾಲಿಶವಾಗಿ ಕಾಣಬಹುದು. ಆದರೆ ಅದರ ಮರ್ಮವಿರುವುದು ಕಾರ್ಯದ ಗಾತ್ರದಲ್ಲಲ್ಲ, ದಿನಕ್ಕೊಂದು ಎಂಬ ನಿಬಂಧನೆಯಲ್ಲಿ.

ಎರಡನೆಯ ಹಾದಿಯನ್ನು ಹಾಕಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅವರ ಹುಬ್ಬಳ್ಳಿ ಸೇವಾ ಮಂಡಲದ ತರುಣರು ಕ್ಷಮಾಪಣೆಯನ್ನು ಬರೆದುಕೊಡದೆ ಸೆರೆಮನೆಯ ಕಷ್ಟವನ್ನು ಸಹಿಸಿದ್ದು ದೇಶದ ಗಮನವನ್ನು ಸೆಳೆಯಿತು. ಶಿಸ್ತನ್ನು ಕಲಿತ ಸ್ವಯಂಸೇವಕರ ದಳವೊಂದು ಇಡೀ ದೇಶಕ್ಕೆ ಅಗತ್ಯವೆಂಬ ಅರಿವು ಅದರಿಂದ ಬಲವಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನೀ ಸೇವಾದಳ ಸ್ಥಾಪಿತವಾಯಿತು. ಮರುವರ್ಷ, 1924ರಲ್ಲಿ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನೆರೆದಾಗ ಆ ವ್ಯವಸ್ಥೆಯ ಭಾರವನ್ನು ಹೊತ್ತವರಲ್ಲಿ ಸೇವಾದಳದ ತರುಣರು ಮುಖ್ಯರು. ಇದರ ಮಹತ್ವವನ್ನು ತಿಳಿಯಬೇಕಾದರೆ ಅದಕ್ಕೆ ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋಗಬೇಕು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಶೌಚಗೃಹಗಳು ಹೊಲಸಾಗಿರುವುದನ್ನು ಗಾಂಧೀಜಿ ಸ್ವಯಂಸೇವಕರಿಗೆ ತೋರಿಸಿದಾಗ, ಅದು ತಮ್ಮ ಕೆಲಸವಲ್ಲ, ಜಾಡಮಾಲಿಗಳದೆಂದು ಅವರು ಉತ್ತರ ಕೊಟ್ಟರೆಂದೂ, ಆಗ ಗಾಂಧೀಜಿ ತಾವೇ ಪೊರಕೆಯನ್ನು ಕೇಳಿ ಪಡೆದು ಗುಡಿಸಿದರೆಂದೂ ಅವರ ಆತ್ಮಕಥೆ ತಿಳಿಸುತ್ತದೆ. ಕಲ್ಕತ್ತೆಯ ಸ್ವಯಂಸೇವಕನಿಗೂ ಬೆಳಗಾವಿಯ ಸ್ವಯಂಸೇವಕನಿಗೂ ನಡುವೆ ನಡೆದದ್ದು ಒಂದು ಶಿಕ್ಷಣ. ಇಂದಿಗೂ ನಮ್ಮ ಎಷ್ಟೋ ಶಾಲೆಗಳಲ್ಲಿ ನಡೆಯುತ್ತಿರುವ ಭಾರತ ಸೇವಾದಳ ಆ ಪರಂಪರೆಯದು.

ಶಿಕ್ಷಣತಜ್ಞರೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ರೂಪುಗೊಂಡ ನಯೀ ತಾಲೀಮ್ ಎಂಬ ಶಿಕ್ಷಣಕ್ರಮ ಕೈಕೆಲಸವನ್ನೂ ಊರಿನ ಬಾಳನ್ನೂ ಪಾಠದ ನಡುವೆಯೇ ತಂದಿರಿಸಿತು. 1964ರಿಂದ 1966ರವರೆಗೆ ಪರಿಶೀಲನೆ ನಡೆಸಿದ ಕೊಠಾರಿ ಆಯೋಗವು ಸಮಾಜಸೇವೆಯು ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಅವಿಭಾಜ್ಯವಾದ ಅಂಗವಾಗಿರಬೇಕೆಂದು ಹೇಳಿತು. ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಪ್ರಾರಂಭವಾಯಿತು. ಅದರ ನಿಯಮದಂತೆ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರ ಇದರ ಮೇಲಿನದು. ಆದರೆ ಈ ಯೋಜನೆ ಮುಖ್ಯವಾಗಿ ಕಾಲೇಜಿನದು. ಪದವಿಪೂರ್ವ ತರಗತಿಗಳಿಗೆ ಅದು ಇಳಿದುಬಂದದ್ದು ತರುವಾಯ. ಪ್ರೌಢಶಾಲೆಯ ಪಾಲಿಗಿರುವುದು ಸ್ಕೌಟು ಗೈಡು, ಸೇವಾದಳ, ಕಿರಿಯರ ರೆಡ್‌ಕ್ರಾಸ್, ಎನ್‌ಸಿಸಿಯ ಕಿರಿಯ ವಿಭಾಗ, ಇಕೋ ಕ್ಲಬ್ಬು ಇವೇ. ಶಿಕ್ಷಕರು ಶ್ರದ್ಧಾವಂತರಾಗಿರುವೆಡೆ ಇವು ಚೆನ್ನಾಗಿಯೇ ನಡೆಯುತ್ತವೆ. ಮಿಕ್ಕೆಡೆಗಳಲ್ಲಿ ಸಮವಸ್ತ್ರ, ಪಥಸಂಚಲನ, ರಾಷ್ಟ್ರೀಯ ಹಬ್ಬಗಳು ಇಷ್ಟಕ್ಕೆ ಮುಗಿಯುತ್ತವೆ. ಸಂಸ್ಥೆಗಳಿಗೆ ಕೊರತೆಯಿಲ್ಲ, ಅವುಗಳಿಗೂ ಊರಿಗೂ ನಡುವಣ ಸಂಬಂಧಕ್ಕೆ ಕೊರತೆ ಉಂಟು.

ಒಂದು ಓಣಿ, ಒಂದು ತೊಟ್ಟಿ

ಆ ಸಂಬಂಧ ಹೇಗಿರಬಹುದೆಂಬುದನ್ನು ವಿವರಿಸಲು ನಾನು ಆರಿಸಿಕೊಳ್ಳುವ ಉದಾಹರಣೆ ತೀರ ಸಾಮಾನ್ಯವಾದದ್ದು: ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ. ಇದು ಕೊಚ್ಚೆಯ ಸೊಳ್ಳೆಯಲ್ಲ. ಮನೆಯ ಒಳಗೂ ಹೊರಗೂ ನಿಂತಿರುವ ತಿಳಿನೀರೇ ಇದರ ತವರು. ಸಿಮೆಂಟು ತೊಟ್ಟಿ, ನೀಲಿ ಡ್ರಮ್ಮು, ಹಿತ್ತಿಲಲ್ಲಿ ಬಿದ್ದ ತೆಂಗಿನ ಚಿಪ್ಪು, ಹಳೆಯ ಟೈರು, ಉಪಯೋಗವಿಲ್ಲದ ಒರಳುಕಲ್ಲು, ಫ್ರಿಜ್ಜಿನ ಹಿಂಬದಿಯ ತಟ್ಟೆ, ಮಲೆನಾಡಿನ ಕಡೆಯಾದರೆ ಉದುರಿದ ಅಡಕೆ ಹಾಳೆ, ಇವೆಲ್ಲವೂ ಅದಕ್ಕೆ ಸಾಕು. ತಾಯಿಸೊಳ್ಳೆ ನೀರಿನ ಮಟ್ಟದಿಂದ ತುಸು ಮೇಲೆ, ತೊಟ್ಟಿಯ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ತಗಲಿದೊಡನೆ ಒಡೆದು ಮರಿಹುಳುಗಳಾಗುತ್ತವೆ. ಮೊಟ್ಟೆಯಿಂದ ರೆಕ್ಕೆಯವರೆಗಿನ ಯಾತ್ರೆಗೆ ಹಿಡಿಯುವ ಕಾಲ ಸುಮಾರು ಏಳರಿಂದ ಹತ್ತು ದಿನ. ರೆಕ್ಕೆ ಬಂದ ಮೇಲೆಯೂ ಅದು ಹುಟ್ಟಿದ ಸ್ಥಳದಿಂದ ಕೆಲವು ನೂರು ಮೀಟರುಗಳಾಚೆಗೆ ಹೋಗುವುದು ಅಪೂರ್ವ.

ಈ ಜೀವಶಾಸ್ತ್ರದಲ್ಲಿಯೇ ಸೇವೆಯ ವಿಧಾನವೂ ಅಡಗಿದೆ. ಸೊಳ್ಳೆ ಬೆಳೆಯುವುದಕ್ಕೆ ಸುಮಾರು ಒಂದು ವಾರವಾದರೂ ಬೇಕಾದ್ದರಿಂದ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದುಮಾಡಬೇಕು. ಮೊಟ್ಟೆ ಗೋಡೆಗೆ ಅಂಟಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು. ಅದು ದೂರ ಹಾರದ ಕಾರಣ ನಮ್ಮ ಓಣಿಯ ಜ್ವರಕ್ಕೆ ನಮ್ಮ ಓಣಿಯ ತೊಟ್ಟಿಯೇ ಹೊಣೆ. 2024ರಲ್ಲಿ ಕರ್ನಾಟಕ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟುವುದಕ್ಕೆ ಅವಕಾಶ ಕೊಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡಕ್ಕೆ ಅದರದೇ ಆದ ಸ್ಥಾನವಿದೆ. ಆದರೆ ಆಶಾ ಕಾರ್ಯಕರ್ತೆಯೊಬ್ಬಳು ತನ್ನ ಪಾಲಿನ ನೂರಾರು ಮನೆಗಳ ತೊಟ್ಟಿಗಳನ್ನು ವಾರವಾರವೂ ಬಗ್ಗಿ ನೋಡುವುದು ಹೇಗೆ ಸಾಧ್ಯ? ಆಕೆಯೊಡನೆ ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು, ಶನಿವಾರದ ಅರ್ಧದಿನದ ಶಾಲೆ ಮುಗಿದ ಮೇಲೆ, ತಮ್ಮದೇ ಓಣಿಯ ಇಪ್ಪತ್ತು ಮನೆಗಳಿಗೆ ಹೋದರೆ ಆ ಕೆಲಸ ಒಂದು ಗಂಟೆಯದು.

ಅಂತಹ ಒಂದು ಶನಿವಾರವನ್ನು ಕಲ್ಪಿಸಿಕೊಳ್ಳೋಣ. ಹುಡುಗಿಯೊಬ್ಬಳು ಟಾರ್ಚು ಹಿಡಿದು ತೊಟ್ಟಿಯ ಬಳಿ ನಿಂತು, “ಅಜ್ಜಿ, ಹುಳ ಓಡಾಡ್ತಾ ಇದೆ, ನೀರು ಚೆಲ್ಲಿ ತೊಟ್ಟಿ ಉಜ್ಜಬೇಕು” ಎನ್ನುತ್ತಾಳೆ. “ಅಯ್ಯೋ, ಚೆಲ್ಲಬೇಡ ಕಣವ್ವ! ನಲ್ಲೀಲಿ ನೀರು ಬರೋದೇ ವಾರಕ್ಕೆ ಎರಡು ದಿನ. ಇದು ಹೋದ್ರೆ ಇನ್ನು ಮೂರು ದಿನ ನಾನೇನು ಮಾಡ್ಲಿ?” ಎಂದು ಅಜ್ಜಿ ತೊಟ್ಟಿಗೆ ಅಡ್ಡ ನಿಲ್ಲುತ್ತಾರೆ. ಈ ಪ್ರಶ್ನೆಗೆ ಉತ್ತರವನ್ನು ವಿಜ್ಞಾನದ ಪುಸ್ತಕ ಹುಡುಗಿಗೆ ಹೇಳಿಕೊಟ್ಟಿರಲಿಲ್ಲ. ಆಕೆ ಹಿಂದಿರುಗಿ ಬಂದು ಆಶಾ ಅಕ್ಕನನ್ನೂ ವಿಜ್ಞಾನದ ಮೇಷ್ಟ್ರನ್ನೂ ಕೇಳುತ್ತಾಳೆ. ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗಳಿಗೆ ತುಂಬಿ, ತೊಟ್ಟಿಯನ್ನು ಉಜ್ಜಿ, ಅದೇ ನೀರನ್ನು ಮರಳಿ ಹೊಯ್ದು, ಬಾಯಿಗೆ ಹಳೆಯ ಸೀರೆಯನ್ನು ಬಿಗಿಯಾಗಿ ಕಟ್ಟಬಹುದು. ಬರಿದುಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನನ್ನು ಬಿಡಬಹುದು. ಮುಂದಿನ ಶನಿವಾರ ಅಜ್ಜಿಯ ಮನೆಯಲ್ಲಿ ಈ ಕೆಲಸವನ್ನು ಇಬ್ಬರೂ ಸೇರಿ ಮಾಡುತ್ತಾರೆ. ಆದರೆ ಹುಡುಗಿಯ ವಿಚಾರ ಅಲ್ಲಿಗೆ ನಿಲ್ಲುವುದಿಲ್ಲ. ಇಪ್ಪತ್ತು ಮನೆಗಳಲ್ಲಿಯೂ ಜನ ನೀರನ್ನು ಕೂಡಿಡುತ್ತಿರುವುದೇಕೆ? ನಲ್ಲಿಯ ನೀರಿಗೆ ಹೊತ್ತುಗೊತ್ತಿಲ್ಲದ್ದರಿಂದ. ಅದನ್ನು ಸರಿಪಡಿಸತಕ್ಕವರು ಯಾರು? ಗ್ರಾಮ ಪಂಚಾಯಿತಿಯವರು. ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಈಕೆ ಎದ್ದು ನಿಂತು, ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಿರುವ ಮನೆಗಳ ಲೆಕ್ಕವನ್ನೂ ನೀರು ಬಂದ ದಿನಗಳ ಲೆಕ್ಕವನ್ನೂ ಓದಿದರೆ, ಆಕೆಯ ಪ್ರಶ್ನೆಗೆ ಉತ್ತರ ಕೊಡದೆ ಪಾರಾಗುವುದು ಯಾವ ಅಧ್ಯಕ್ಷರಿಗೂ ಸುಲಭವಲ್ಲ.

ತೊಟ್ಟಿಯಿಂದ ಪಂಚಾಯಿತಿಯವರೆಗಿನ ಈ ನಡಿಗೆ ಇದೆಯಲ್ಲ, ಪೌರನೀತಿಯೆಂದು ನಾವು ಪುಸ್ತಕದಲ್ಲಿ ಬೋಧಿಸುವುದರ ಸಾರವೇ ಅದು. ಒಮ್ಮೆ ಬಂದು ಕರಪತ್ರ ಹಂಚಿ ಹೋಗುವ ಮಗುವಿಗೆ ಅಜ್ಜಿಯ ಅಡ್ಡಿ ಅಜ್ಞಾನವಾಗಿ ಕಾಣುತ್ತದೆ. ಪುನಃ ಪುನಃ ಬರುವ ಮಗುವಿಗೆ ಅದರ ಹಿಂದಿನ ಕಾರಣ ತಿಳಿಯುತ್ತದೆ. ರವೀಂದ್ರನಾಥ ಠಾಕೂರರು 1922ರಲ್ಲಿ ಶ್ರೀನಿಕೇತನದ ಗ್ರಾಮಪುನರುಜ್ಜೀವನ ಕೇಂದ್ರವನ್ನು ತೆರೆದ ಮೇಲೆ ಸುತ್ತಮುತ್ತಣ ಹಳ್ಳಿಗಳ ಹುಡುಗರನ್ನು ‘ವ್ರತೀ ಬಾಲಕ’ರೆಂಬ ದಳವಾಗಿ ಕೂಡಿಸಿದ್ದೂ, ಆ ದಳದ ಕೆಲಸಗಳಲ್ಲಿ ಮಲೇರಿಯಾ ನಿವಾರಣೆ ಒಂದಾಗಿದ್ದುದೂ ಇಲ್ಲಿ ಸ್ಮರಣೀಯ. ಹೊರಗಿನಿಂದ ಬಂದ ಪಂಡಿತನು ಕಾಣಲಾರದ ಹೊಂಡಗುಂಡಿಗಳನ್ನು ಹಳ್ಳಿಯ ಹುಡುಗ ಬಲ್ಲನೆಂಬ ವಿಶ್ವಾಸವೇ ಆ ಏರ್ಪಾಡಿನ ಅಡಿಗಲ್ಲು.

ಓದಿಸುವವರೂ ಓದುವವರೂ

ಮತ್ತೊಂದು ಕ್ಷೇತ್ರ ಅಕ್ಷರದ್ದು. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಗಳ ಸಾಕ್ಷರತಾ ಕಾರ್ಯದಿಂದ ಪ್ರೇರಣೆ ಪಡೆದು ಬೆಳೆದ ವಯಸ್ಕರ ಶಿಕ್ಷಣ ಸಮಿತಿಯು ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರಡಿಸಿ, ಹೊಸದಾಗಿ ಅಕ್ಷರ ಕಲಿತವರಿಗೆ ಓದನ್ನು ಒದಗಿಸಿತು. ಇಂದು ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರಲ್ಲಿ ಪ್ರಾರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಕಪಾಟಿನಲ್ಲಿ ಪುಸ್ತಕವಿದ್ದು, ಬಾಗಿಲು ತೆರೆದಿದ್ದರೂ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವವರು ಇಲ್ಲದಿದ್ದರೆ ಆ ಸಂಪತ್ತು ವ್ಯರ್ಥ.

ಇಲ್ಲಿ ಒಂಬತ್ತನೆಯ ತರಗತಿಯ ಹುಡುಗನಿಗೆ ಮಾಡತಕ್ಕ ಕೆಲಸವುಂಟು. ಒತ್ತಕ್ಷರ ಬಂದಾಗಲೆಲ್ಲ ತಡೆದು ನಿಲ್ಲುವ ಮೂರನೆಯ ತರಗತಿಯ ಮಗುವೊಂದನ್ನು ಆತ ವಾರಕ್ಕೆರಡು ಸಂಜೆ ಅರ್ಧ ಗಂಟೆ ಓದಿಸಲಿ. ಮಗು ‘ಕತ್ತೆ’ಯನ್ನು ‘ಕತೆ’ಯೆಂದು ಓದಿದಾಗ ಬೈಯದೆ, ಕೆಳಗಿನ ಒತ್ತನ್ನು ಬೆರಳಿನಿಂದ ತೋರಿಸಿ, ಎರಡು ಮಾತುಗಳನ್ನೂ ಬಾಯಿಂದ ಹೇಳಿಸಿ, ಕಿವಿಗೆ ಅವುಗಳ ಭೇದ ತಿಳಿಯುವವರೆಗೆ ಕಾಯುವುದನ್ನು ಆತ ಕಲಿಯಬೇಕಾಗುತ್ತದೆ. ಶಿಕ್ಷಕರಿಗೆ ನಲವತ್ತು ಮಕ್ಕಳ ನಡುವೆ ಆ ವಿರಾಮ ಸಿಕ್ಕುವುದು ಕಷ್ಟ. ಈ ಅಣ್ಣನಿಗೆ ಒಂದೇ ಮಗು. ತರಗತಿಯಲ್ಲಿ ಹಿಂದಿನ ಬೆಂಚಿನವನೆನಿಸಿಕೊಂಡ ಹುಡುಗನಿಗೂ ಇಲ್ಲಿ ಗುರುಸ್ಥಾನ ಲಭಿಸುತ್ತದೆ. ತಾನು ಬಾರದಿದ್ದರೆ ಒಬ್ಬರು ಎದುರುನೋಡುತ್ತ ಕುಳಿತಿರುತ್ತಾರೆಂಬ ಅರಿವು ಅವನನ್ನು ಗಂಟೆಗೆ ಸರಿಯಾಗಿ ಗ್ರಂಥಾಲಯಕ್ಕೆ ಎಳೆದು ತರುತ್ತದೆ. ಯಾವ ಹಾಜರಿ ಪುಸ್ತಕಕ್ಕೂ ಆ ಶಕ್ತಿಯಿಲ್ಲ.

ಮೀರಬಾರದ ಮೇರೆಗಳು

ಸೇವೆಯ ಹೆಸರಿನಲ್ಲಿ ಅನ್ಯಾಯವೂ ನಡೆಯಬಲ್ಲುದಾದ್ದರಿಂದ ಕೆಲವು ಮೇರೆಗಳನ್ನು ಸ್ಪಷ್ಟವಾಗಿ ಹೇಳಬೇಕು. ಮಕ್ಕಳನ್ನು ಮಲಗುಂಡಿಗೆ ಇಳಿಸುವುದು, ಶಿಕ್ಷೆಯೆಂದು ಶೌಚಾಲಯವನ್ನು ತೊಳೆಯಿಸುವುದು, ಪೊರಕೆಯನ್ನು ಎಂದೂ ಕೆಲವು ಜಾತಿಯ ಮಕ್ಕಳ ಕೈಗೇ ಕೊಡುವುದು, ಇವು ಸೇವೆಯಲ್ಲ, ಪಾತಕ; ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನು ನಮ್ಮಲ್ಲಿ ಜಾರಿಯಲ್ಲಿದೆ. ಶಾಲೆಯಲ್ಲಿ ಸ್ವಚ್ಛತೆಯ ಸರದಿ ಇರುವುದಾದರೆ ಅದು ಹಾಜರಿಯ ಕ್ರಮದಲ್ಲಿ ಎಲ್ಲರ ಪಾಲಿಗೂ ಬರಬೇಕು. ಹುಡುಗರು ಕುರ್ಚಿ ಹೊರುವುದು, ಹುಡುಗಿಯರು ನೆಲ ಸಾರಿಸಿ ಚಹಾ ಕೊಡುವುದು ಎಂಬ ವಿಭಾಗವೂ ಸಲ್ಲದು. ನೀರು ಸೇದಿ, ತಮ್ಮ ತಂಗಿಯರನ್ನು ಎತ್ತಿ, ಅಡುಗೆಗೆ ಕೈಜೋಡಿಸಿ ಶಾಲೆಗೆ ಬರುವ ಬಾಲಿಕೆಯರಿಗೆ ಸೇವೆಯು ಮತ್ತೊಂದು ಹೊರೆಯಾಗದಂತೆ, ಅದು ಶಾಲೆಯ ವೇಳೆಗೆ ಹೊಂದಿಕೊಂಡೇ ನಡೆಯತಕ್ಕದ್ದು. ಮಕ್ಕಳು ಒಬ್ಬೊಬ್ಬರಾಗಿ ಅಪರಿಚಿತರ ಮನೆಯೊಳಕ್ಕೆ ಹೋಗಕೂಡದು, ಹಿರಿಯರೊಬ್ಬರು ಜೊತೆಗಿರಬೇಕು, ಪೋಷಕರ ಒಪ್ಪಿಗೆ ಇರಬೇಕು.

ಉಪಕಾರವನ್ನು ಪಡೆಯುವವರ ಮಾನವನ್ನು ಕಾಪಾಡುವುದು ಇವೆಲ್ಲಕ್ಕಿಂತ ಸೂಕ್ಷ್ಮವಾದ ಮೇರೆ. ವೃದ್ಧಾಶ್ರಮಕ್ಕೆ ವರ್ಷಕ್ಕೊಮ್ಮೆ ಹಣ್ಣಿನ ಬುಟ್ಟಿಯೊಡನೆ ಹೋಗಿ, ವೃದ್ಧರ ಕೈಯಲ್ಲಿ ಬಾಳೆಹಣ್ಣಿಟ್ಟು ಭಾವಚಿತ್ರ ತೆಗೆಸಿಕೊಂಡು ಬರುವುದರಿಂದ ಮಕ್ಕಳು ಕಲಿಯುವುದು ದಾತೃವಿನ ಗರ್ವವನ್ನು. ಅದೇ ವೃದ್ಧರಲ್ಲಿ ಒಬ್ಬರಿಗೆ ದಿನಪತ್ರಿಕೆಯನ್ನು ಓದಿ ಹೇಳುತ್ತ, ಪ್ರತಿಯಾಗಿ ಅವರಿಂದ ಊರಿನ ಹಳೆಯ ಕೆರೆಯ ಕಥೆಯನ್ನೋ ಸೋಬಾನೆ ಹಾಡನ್ನೋ ಕೇಳಿ ಬರೆದುಕೊಂಡರೆ, ಕೊಡುವವರು ಯಾರು ಪಡೆಯುವವರು ಯಾರು ಎಂಬ ಭೇದವೇ ಅಳಿಯುತ್ತದೆ.

ಕಡ್ಡಾಯದ ಪ್ರಶ್ನೆ

ಇಂತಹ ಸೇವೆಯನ್ನು ಕಡ್ಡಾಯಗೊಳಿಸಬೇಕೆ ಎಂಬುದು ವಿವಾದದ ವಿಷಯ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನವು 1992ರಲ್ಲಿ, ಪ್ರೌಢಶಾಲೆಯ ಪ್ರಮಾಣಪತ್ರ ಬೇಕಾದ ವಿದ್ಯಾರ್ಥಿ 75 ಗಂಟೆಗಳ ಸೇವೆಯನ್ನು, ಅಥವಾ ಜಿಲ್ಲೆಯವರು ರೂಪಿಸಿದ ಸಮಾನ ಕಾರ್ಯಕ್ರಮವನ್ನು, ಮುಗಿಸಿರಬೇಕೆಂದು ವಿಧಿಸಿತು. ಕೆನಡಾದ ಒಂಟಾರಿಯೋ ಪ್ರಾಂತ 1999ರಿಂದ 40 ಗಂಟೆಗಳನ್ನು ವಿಧಿಸಿದೆ. ಬಲವಂತದಿಂದ ಮಾಡಿದ್ದು ಸೇವೆಯಾಗುವುದೆಂತು ಎಂದು ಕೇಳುವವರ ಆಕ್ಷೇಪದಲ್ಲಿ ಸತ್ಯಾಂಶವುಂಟು. ಸ್ವೇಚ್ಛೆಗೆ ಬಿಟ್ಟರೆ ಬಿಡುವೂ ಅನುಕೂಲವೂ ಉಳ್ಳ ಮನೆಯ ಮಕ್ಕಳಿಗೆ ಮಾತ್ರ ಅದು ದಕ್ಕುತ್ತದೆಂಬ ಪ್ರತ್ಯುತ್ತರದಲ್ಲಿಯೂ ಸತ್ಯಾಂಶವುಂಟು. ನನಗೆ ತೋರುವಂತೆ ವಿಧಿ ಅನ್ವಯಿಸಬೇಕಾದದ್ದು ಶಾಲೆಗೆ: ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೂವರೆ ಗಂಟೆಯನ್ನು ಇದಕ್ಕಾಗಿ ತೆಗೆದಿಡುವುದೂ, ಊರಿಗೆ ನಿಜವಾಗಿ ಬೇಕಾದ ಮೂರುನಾಲ್ಕು ಕೆಲಸಗಳನ್ನು ಗುರುತಿಸುವುದೂ ಶಾಲೆಯ ಕರ್ತವ್ಯವಾಗಲಿ. ಆ ಕೆಲಸಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಸ್ವಾತಂತ್ರ್ಯ ವಿದ್ಯಾರ್ಥಿಗಿರಲಿ. ಅಂಕಗಳನ್ನು ಮಾತ್ರ ಇದಕ್ಕೆ ಅಂಟಿಸದಿರುವುದು ಕ್ಷೇಮ. ಅಂಕ ಬಂದೊಡನೆ ಸುಳ್ಳು ದಾಖಲೆಯೂ ಬರುತ್ತದೆ.

ಮೂರು ವರ್ಷಗಳ ಕ್ರಮ

ಹತ್ತನೆಯ ತರಗತಿಯವರಿಗೆ ಸಮಯವೆಲ್ಲಿದೆ ಎಂಬ ಪೋಷಕರ ಆತಂಕಕ್ಕೆ ಪ್ರೌಢಶಾಲೆಯ ರಚನೆಯಲ್ಲಿಯೇ ಪರಿಹಾರವಿದೆ. ಎಂಟನೆಯ ತರಗತಿಯವರು ಕಲಿಯುವವರಾಗಲಿ. ಹಿರಿಯರ ಹಿಂದೆ ನಡೆದು, ಮನೆಗಳ ಪರಿಚಯ ಮಾಡಿಕೊಂಡು, ಲೆಕ್ಕ ಬರೆಯುವುದನ್ನು ಅಭ್ಯಾಸಮಾಡಲಿ. ಒಂಬತ್ತನೆಯ ತರಗತಿಯವರು ನಡೆಸುವವರಾಗಲಿ. ಕೆಲಸದ ಪೂರ್ಣಭಾರ ಅವರದು. ಹತ್ತನೆಯ ತರಗತಿಯವರು ಜೂನ್‌ನಿಂದ ದಸರೆಯವರೆಗೆ ತಿಂಗಳಿಗೊಮ್ಮೆ ಬಂದು, ತಾವು ಕಲಿತದ್ದನ್ನು ಕಿರಿಯರಿಗೆ ಒಪ್ಪಿಸಿ, ನೋಟುಪುಸ್ತಕವನ್ನು ಅವರ ಕೈಗಿತ್ತು, ನಿಶ್ಚಿಂತೆಯಿಂದ ಪರೀಕ್ಷೆಗೆ ಓದಿಕೊಳ್ಳಲಿ. ಹೀಗಾದರೆ ಓಣಿಯ ಮನೆಗಳಿಗೆ ಬರುವ ಮುಖಗಳು ಬದಲಾದರೂ ಬರುವುದು ತಪ್ಪುವುದಿಲ್ಲ. ವಿಶ್ವ ಪರಿಸರ ದಿನದಂದು ನೆಟ್ಟ ಸಸಿಗೆ ಮೊದಲೆರಡು ಬೇಸಗೆಗಳಲ್ಲಿ ನೀರೆರೆಯುವವರಿದ್ದರೆ ಮಾತ್ರ ಅದು ಮರವಾಗುತ್ತದೆ. ಆ ಎರಡು ಬೇಸಗೆಗಳನ್ನು ಒಂದೇ ತರಗತಿಯವರು ನಿರ್ವಹಿಸಲಾರರು, ಮೂರು ತರಗತಿಗಳ ಸರಪಳಿ ನಿರ್ವಹಿಸಬಲ್ಲುದು.

ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಸುತ್ತೋಲೆಗಾಗಿ ಕಾಯಬೇಕಾದ್ದೂ ಇಲ್ಲ. ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರು, ಆಶಾ ಕಾರ್ಯಕರ್ತೆ, ಗ್ರಂಥಾಲಯದ ಮೇಲ್ವಿಚಾರಕರು ಮತ್ತು ತರಗತಿಗೆ ಇಬ್ಬರಂತೆ ಮಕ್ಕಳು ಶಾಲೆ ತೆರೆದ ಮೊದಲ ವಾರದಲ್ಲಿ ಒಂದೆಡೆ ಕುಳಿತು, ಊರಿಗೆ ಬೇಕಾದ ಕೆಲಸಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ತಮ್ಮ ಕೈಲಾಗುವುದನ್ನಷ್ಟೇ ಆರಿಸಿಕೊಳ್ಳಲಿ. ಮಕ್ಕಳ ಮೇಲೆ ಹಿರಿಯರು ಇಡುವ ವಿಶ್ವಾಸವು ಉತ್ಸವದ ಭಾಷಣಗಳಿಂದ ಸಿದ್ಧವಾಗುವುದಿಲ್ಲ; ಅವರ ನೋಟುಪುಸ್ತಕವನ್ನು ಪಂಚಾಯಿತಿಯ ಸಭೆಯಲ್ಲಿ ತೆರೆದು ಓದಿಸಿ, ಅದರಲ್ಲಿರುವ ಒಂದು ದೂರನ್ನಾದರೂ ಪರಿಹರಿಸಿದಾಗ ಸಿದ್ಧವಾಗುತ್ತದೆ. ಮೊದಲ ವರ್ಷ ಹತ್ತೇ ಮಕ್ಕಳು ಬಂದರೂ ಅಧೈರ್ಯ ಬೇಡ. ಆ ಹತ್ತು ಮಕ್ಕಳು ಶಾಲೆ ಬಿಟ್ಟುಹೋದ ಮರುವರ್ಷವೂ ಆ ಕೆಲಸ ನಡೆಯುತ್ತಿದ್ದರೆ, ಊರಿಗೆ ದೊರೆತದ್ದು ಹತ್ತು ಜನ ಸ್ವಯಂಸೇವಕರಷ್ಟೇ ಅಲ್ಲ, ತನ್ನ ಸಂಕಟಗಳನ್ನು ತಾನೇ ನೋಡಿಕೊಳ್ಳಬಲ್ಲ ಒಂದು ಅಭ್ಯಾಸ. ಅದನ್ನು ಊರಿಗೆ ಕೊಟ್ಟ ಶಾಲೆ ಪರೀಕ್ಷೆಯ ಫಲಿತಾಂಶಕ್ಕೆ ಎಷ್ಟು ಹೆಮ್ಮೆಪಡುವುದೋ ಇದಕ್ಕೂ ಅಷ್ಟೇ ಹೆಮ್ಮೆಪಡಬಹುದು.